ಗ್ಲುಕೋಮೀಟರ್ ಚೆನ್ನಾಗಿದೆ, ತಕರಾರು ಸ್ಟ್ರಿಪ್ ಡಬ್ಬಿಯದ್ದು

ಮನೆಯಲ್ಲೇ ರಕ್ತದ ಸಕ್ಕರೆ ನೋಡುವ ಈ ಮೀಟರ್ ಮೇಲೆ ನನ್ನ ದೂರೇನೂ ಇಲ್ಲ. ವರ್ಷಗಳಿಂದ ಬಳಸುತ್ತಿದ್ದೇನೆ. ಅಂಕಿ ಕನ್ನಡಕವಿಲ್ಲದೆಯೂ ಕಾಣುತ್ತದೆ, ಗುಂಡಿ ಒಂದೇ. ಲ್ಯಾಬಿನ ರಿಪೋರ್ಟಿಗೂ ಇದಕ್ಕೂ ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ, ಇರಲಿ. 100ರ (mg/dL ಲೆಕ್ಕದಲ್ಲಿ) ಮೇಲಿನ ರೀಡಿಂಗ್ ಶೇಕಡಾ 15ರಷ್ಟು ಆಚೀಚೆ ಆದರೆ ಅಂತರರಾಷ್ಟ್ರೀಯ ಮಾನದಂಡವೇ ಒಪ್ಪುತ್ತದೆ. 140 ಬಂದ ದಿನ ಹಿಗ್ಗಿ, 150 ಬಂದ ದಿನ ಕುಗ್ಗುವುದರಲ್ಲಿ ಅರ್ಥವಿಲ್ಲ.

ಸಿಟ್ಟು ಬರುವುದು ಸ್ಟ್ರಿಪ್, ಅಂದರೆ ಪ್ರತಿ ಸಲ ಮೀಟರಿಗೆ ಸಿಕ್ಕಿಸಿ ರಕ್ತದ ಹನಿ ತಾಗಿಸುವ ಪಟ್ಟಿ, ಅದರ ಡಬ್ಬಿ ಮೇಲೆ. ಮೀಟರ್ ಒಂದು ಸಲದ ಖರ್ಚು, ಸ್ಟ್ರಿಪ್ ಇರೋವರೆಗೂ ಖರ್ಚು. 50ರ ಡಬ್ಬಿ ತಗೊಂಡರೆ ಅಗ್ಗ ಬೀಳುತ್ತದೆ. ಆದರೆ ಮುಚ್ಚಳ ತೆರೆದ ಮೇಲೆ 3 ತಿಂಗಳಲ್ಲಿ ಮುಗಿಸಬೇಕೆಂದು ನನ್ನ ಡಬ್ಬಿ ಮೇಲೆ ಬರೆದಿದೆ, ಅದೂ ಇರುವೆ ಸಾಲಿನಂಥ ಅಕ್ಷರದಲ್ಲಿ. ಪಿಂಚಣಿಯಲ್ಲಿ ಬದುಕುವವರು ವಾರಕ್ಕೆ ಎರಡು ಸಲ ನೋಡಿಕೊಂಡರೆ ಅಷ್ಟರಲ್ಲಿ ಮುಗಿಯುವುದು ಅರ್ಧ ಡಬ್ಬಿ. ಉಳಿದದ್ದು ಕಸಕ್ಕೆ. ಚಿಕ್ಕ ಡಬ್ಬಿಯಲ್ಲಿ ಒಂದೊಂದು ಸ್ಟ್ರಿಪ್ಪಿಗೂ ದುಡ್ಡು ಜಾಸ್ತಿ. ಕಡಿಮೆ ಬಳಸುವವರೇ ಹೆಚ್ಚು ಕೊಡಬೇಕು, ಇದ್ಯಾವ ನ್ಯಾಯ?

ಸ್ಟ್ರಿಪ್ಪಿನೊಳಗೆ ಸಕ್ಕರೆಯ ಜೊತೆ ವರ್ತಿಸುವ ಕಿಣ್ವ (ಎಂಜೈಮ್) ಇರುತ್ತದೆ, ತೇವ ತಾಕಿದರೆ ಕೆಡುತ್ತದೆ ಎನ್ನುವುದು ಗೊತ್ತು. ಅದಕ್ಕೇ ಮುಚ್ಚಳ ಅಷ್ಟು ಬಿಗಿ. ಆದರೆ ಗಂಟು ನೋಯುವ ಬೆರಳಿಗೆ ಆ ಮುಚ್ಚಳ ಒಂದು ಶಿಕ್ಷೆ. ಜೋರಾಗಿ ಎತ್ತಿದರೆ ನಾಲ್ಕಾರು ಸ್ಟ್ರಿಪ್ ನೆಲಕ್ಕೆ.

ಹಾಗಾಗಿ ಒಂದೂ ಹಾಳಾಗದಂತೆ ನೋಡಿಕೊಳ್ಳುವುದೇ ನನ್ನ ಪೂಜೆ. ಬಿಸಿನೀರಲ್ಲಿ ಕೈ ತೊಳೆದು ಪೂರ್ತಿ ಒರೆಸುತ್ತೇನೆ. ಬೆರಳಲ್ಲಿ ಸಿಹಿಯ ಅಂಟಿದ್ದರೆ ಅಂಕಿ ಸುಳ್ಳೇ ಏರುತ್ತದೆ. ಕೈಯನ್ನು ಸ್ವಲ್ಪ ಹೊತ್ತು ಕೆಳಗೆ ಜೋತುಬಿಟ್ಟು, ಅಂಗೈಯಿಂದ ಬೆರಳ ಕಡೆಗೆ ನೀವುತ್ತೇನೆ. ಚುಚ್ಚುವುದು ಬೆರಳ ತುದಿಯ ಪಕ್ಕಕ್ಕೆ, ನಡುವೆ ಚುಚ್ಚಿದರೆ ದಿನವಿಡೀ ನೋವು. ಹನಿ ದುಂಡಗಾಗುವವರೆಗೆ ಕಾದು ಸ್ಟ್ರಿಪ್ ತುದಿ ತಾಗಿಸಿದರೆ ಸರಕ್ಕನೆ ಹೀರಿಕೊಳ್ಳುತ್ತದೆ. ಹನಿ ಸಾಲದಿದ್ದರೆ 'ಎರರ್', ಸ್ಟ್ರಿಪ್ ಢಮಾರ್.

ಆದರೂ ಇದನ್ನು ಬಿಡಲಾರೆ. ಯಾವಾಗಲೂ ಖಾಲಿ ಹೊಟ್ಟೆಯದ್ದನ್ನೇ ನೋಡುವುದನ್ನು ಬಿಟ್ಟು, ಡಾಕ್ಟರನ್ನು ಕೇಳಿ ಜೋಡಿ ಚೆಕ್ ಶುರು ಮಾಡಿದೆ. ಊಟಕ್ಕೆ ಮುಂಚೆ ಒಂದು, ಊಟ ಶುರು ಮಾಡಿದ 2 ಗಂಟೆಗೆ ಇನ್ನೊಂದು. ಒಂದು ವಾರ ಮಧ್ಯಾಹ್ನದ ಊಟ, ಮುಂದಿನ ವಾರ ರಾತ್ರಿಯದ್ದು. ಊಟ ಆದ ಮೇಲೆ ಹತ್ತು ಹದಿನೈದು ನಿಮಿಷ ನಡೆದ ದಿನ ಅಂಕಿ ಎಷ್ಟು ಕಡಿಮೆ ಏರುತ್ತದೆ ಅಂತೀರಿ! ನಡಿಗೆಗೆ ಬಿಡಿಗಾಸೂ ಬೇಡ ಅಲ್ವಾ? ಯಾರು ಬುದ್ಧಿ ಹೇಳಿದರೂ ಏಳದ ನಾನು ಆ ಅಂಕಿ ನೋಡಿ ಎದ್ದೆ.

ಸಕ್ಕರೆ ಕಾಯಿಲೆಗೆ ಬರೀ ಮೆಟ್‌ಫಾರ್ಮಿನ್ ಮಾತ್ರೆ ನುಂಗುವ ನನ್ನಂಥವರಿಗೆ ಈ ಲೆಕ್ಕ ಸಾಕು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತರಹದ ಮಾತ್ರೆ ತಗೊಳ್ಳುವವರು ಸ್ಟ್ರಿಪ್ಪಿನಲ್ಲಿ ಜಿಪುಣತನ ಮಾಡಬೇಡಿ, ಅವುಗಳಿಂದ ಸಕ್ಕರೆ ತೀರಾ ಕೆಳಗಿಳಿಯಬಹುದು. ಬೆವರು, ನಡುಕ ಬಂದರೆ ಆಗಲೇ ನೋಡಬೇಕು. 70ಕ್ಕಿಂತ ಕೆಳಗಿದ್ದರೆ 15 ಗ್ರಾಂ ಸಕ್ಕರೆ, 15 ನಿಮಿಷ ಬಿಟ್ಟು ಇನ್ನೊಂದು ಚೆಕ್. ಅಲ್ಲಿಗೇ ಎರಡು ಸ್ಟ್ರಿಪ್ ಹೋಯಿತು.

ಮೀಟರಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ, ಡಬ್ಬಿಗೆ ಒಂದು. ಒಂದೊಂದೇ ಸ್ಟ್ರಿಪ್ಪನ್ನು ಫಾಯಿಲ್‌ನಲ್ಲಿ ಸುತ್ತಿ ಕೊಡುವ ಮೀಟರುಗಳೂ ಇವೆ, ಮುಂದಿನ ಸಲ ಅದನ್ನೇ ವಿಚಾರಿಸುತ್ತೇನೆ. ಆ ಫಾಯಿಲ್ ನನ್ನ ಬೆರಳಲ್ಲಿ ಹರಿಯುತ್ತದೋ ಇಲ್ಲವೋ ಅಂಗಡಿಯಲ್ಲೇ ನೋಡಿ ತಗೋಬೇಕು.