ಫ್ಲ್ಯಾಟಿನ ನಾಯಿಮರಿಗೆ ಪ್ಯಾಡೋ, ಪೇಪರೋ, ಹುಲ್ಲಿನ ಟ್ರೇಯೋ?

ಬಾಲ್ಕನಿ ಇರುವ ಮನೆಗೆ ಎರಡು ತಿಂಗಳ ಮರಿ ಬರುತ್ತಿದೆ ಎಂದರೆ ಮೊದಲು ಗಿಡಗಳ ನರ್ಸರಿಗೆ ಹೋಗಿ, ಪೆಟ್ ಶಾಪಿಗೆ ಆಮೇಲೆ ಹೋದರಾಯಿತು. ಮರಿಯ ಉಚ್ಚೆ, ಕಕ್ಕಕ್ಕೆಂದು ಪೇಪರ್, ಪ್ಯಾಡ್ (ಉಚ್ಚೆ ಹೀರುವ ಬಟ್ಟೆಯಂಥ ಹಾಸು), ಪ್ಲಾಸ್ಟಿಕ್ ಹುಲ್ಲು ಎಲ್ಲವನ್ನೂ ಬಳಸಿ ನೋಡಿದ ಮೇಲೆ ಧೈರ್ಯವಾಗಿ ಹೇಳಬಹುದಾದದ್ದು ಇಷ್ಟು: ನಿಜವಾದ ಮಣ್ಣು, ನಿಜವಾದ ಹುಲ್ಲು ಇರುವ ಟ್ರೇಗೆ ಸಾಟಿ ಇಲ್ಲ.

ಕಾಂಪೌಂಡ್ ಇರುವ ಸ್ವಂತ ಮನೆಯವರಿಗೆ ಈ ಚರ್ಚೆಯೇ ಬೇಡ, ಅಂಗಳದ ಒಂದು ಮೂಲೆ ಸಾಕು. ಫ್ಲ್ಯಾಟಿನಲ್ಲಿ ಹಾಗಲ್ಲ. ಮರಿಗೆ ಸುಮಾರು 16 ವಾರ ಆಗುವವರೆಗೂ ಲಸಿಕೆಗಳು ನಡೆಯುತ್ತಲೇ ಇರುತ್ತವೆ. ಮರಿಗಳ ಜೀವಕ್ಕೇ ಕುತ್ತು ತರುವ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಬೀದಿನಾಯಿಗಳು ಬಳಸುವ ಮರದ ಬುಡಕ್ಕೆ ಅಷ್ಟರೊಳಗೆ ಮರಿಯನ್ನು ಇಳಿಸುವಂತಿಲ್ಲ. ಹಾಗಾಗಿ ನಡುವಿನ ಎರಡು ತಿಂಗಳು ಮನೆಯಲ್ಲೇ ಒಂದು ಜಾಗ ಬೇಕು. ಹೋಲಿಕೆ ಇರುವುದು ಆ ಎರಡು ತಿಂಗಳಿಗೆ ಮಾತ್ರ.

ಪ್ಯಾಡಿನ ದೊಡ್ಡ ತೊಂದರೆ ವಾಸನೆಯೂ ಅಲ್ಲ, ಬೆಲೆಯೂ ಅಲ್ಲ. ಕಾಲೊರಸು. ಮರಿ ಕಲಿಯುವುದು 'ಬಾಲ್ಕನಿಯ ಎಡಮೂಲೆ' ಎಂದಲ್ಲ, 'ಪಾದಕ್ಕೆ ಮೆತ್ತಗೆ ತಾಗುವ ಬಟ್ಟೆ' ಎಂದು. ಎಂಟು ವಾರದ ಆಸುಪಾಸಿನಲ್ಲಿ ಪಾದದಡಿಯ ಸ್ಪರ್ಶದ ಈ ಅಭ್ಯಾಸ ಗಟ್ಟಿಯಾಗಿ ಕೂರುತ್ತದೆ. ಪ್ಯಾಡ್ ಮೇಲೆ ಅಚ್ಚುಕಟ್ಟಾಗಿ ಹೋಗುವ ಮರಿ ಬಚ್ಚಲಮನೆ ಬಾಗಿಲಿನ ಮ್ಯಾಟ್ ಮೇಲೂ ಅಷ್ಟೇ ಅಚ್ಚುಕಟ್ಟಾಗಿ ಹೋಗುತ್ತದೆ, ಸೋಫಾದಿಂದ ಜಾರಿಬಿದ್ದ ಬೆಡ್‌ಶೀಟ್ ಮೇಲೂ ಹೋಗುತ್ತದೆ. ಅದರ ಲೆಕ್ಕದಲ್ಲಿ ಅದು ಮಾಡಿದ್ದು ಸರಿಯೇ. ಬೈದರೆ ನೀವಿದ್ದಾಗ ಉಚ್ಚೆ ಹೊಯ್ಯಬಾರದು ಎಂದು ಕಲಿತು ಮಂಚದ ಕೆಳಗೆ ಹೋಗಿ ಹೊಯ್ಯುತ್ತದೆ.

ಪ್ಯಾಡೇ ಅನಿವಾರ್ಯವಾದರೆ ಮನೆಯ ಮ್ಯಾಟುಗಳನ್ನೆಲ್ಲ ಎರಡು ತಿಂಗಳು ಎತ್ತಿಡಿ, ಜಾಲರಿ ಮುಚ್ಚಳವಿರುವ ಪ್ಯಾಡ್ ಟ್ರೇ ಕೊಳ್ಳಿ. ಪಾದಕ್ಕೆ ಬಟ್ಟೆಯ ಬದಲು ಪ್ಲಾಸ್ಟಿಕ್ ಕಡ್ಡಿ ತಾಗುತ್ತದೆ, ಕಚ್ಚಿ ಹರಿದು ಒಳಗಿನ ಜೆಲ್ ನುಂಗುವುದೂ ತಪ್ಪುತ್ತದೆ. ಇಷ್ಟಾದ ಮೇಲೂ 16 ವಾರಕ್ಕೆ ಕೆಳಗೆ ಕರೆದೊಯ್ದರೆ ಅರ್ಧ ಗಂಟೆ ಮೂಸಿ, ಏನೂ ಮಾಡದೆ, ಮನೆಗೆ ಬಂದು ಪ್ಯಾಡ್ ಹುಡುಕುತ್ತದೆ. ಕಲಿಸಿದ್ದನ್ನು ಮರೆಸುವ ಕೆಲಸ ಅಲ್ಲಿಂದ ಶುರು.

ಪೇಪರ್ ಮೊದಲ ವಾರಕ್ಕೆ ಪರವಾಗಿಲ್ಲ. ಏಳೆಂಟು ಹಾಳೆ ಒಂದರ ಮೇಲೊಂದು ಹಾಸಿ, ಬದಲಿಸುವಾಗ ಒದ್ದೆಯಾದ ಒಂದು ಚೂರನ್ನು ಹೊಸ ಹಾಳೆಯಡಿ ಇಟ್ಟರೆ ವಾಸನೆಗೆ ಅಲ್ಲಿಗೇ ಬರುತ್ತದೆ. ಆದರೆ ಒದ್ದೆ ಪಾದದಲ್ಲಿ ಮನೆಯೆಲ್ಲ ಓಡಾಡುತ್ತದೆ.

ಪ್ಲಾಸ್ಟಿಕ್ ಹುಲ್ಲನ್ನು ದಿನಾ ತೊಳೆಯದಿದ್ದರೆ ಏಪ್ರಿಲ್ ಬಿಸಿಲಿಗೆ ಬಾಲ್ಕನಿ ಬಾಗಿಲು ತೆರೆಯಲಾಗದು.

ಈಗ ಟ್ರೇ. ಲ್ಯಾಬ್ರಡಾರ್, ನಾಟಿ ಮರಿಗಳಿಗೆ 2x3 ಅಡಿ, ಪಗ್ ಗಾತ್ರದವಕ್ಕೆ ಒಂದೂವರೆ x 2 ಅಡಿ. ತಳದಲ್ಲಿ ತೂತುಗಳಿರಲಿ, ಅದರಡಿ ಇನ್ನೊಂದು ಅಗಲದ ತಟ್ಟೆ ಇರಲಿ. ಅರ್ಧ ಇಂಚು ಸಣ್ಣ ಜಲ್ಲಿ, ಮೇಲೆ ಒಂದೂವರೆ ಇಂಚು ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಹೆಚ್ಚಿರುವ ಮಣ್ಣು, ಅದರ ಮೇಲೆ ಲಾನ್ ಹುಲ್ಲಿನ ಹಾಸು. ನೀರು ಕುಡಿದ ದೊಡ್ಡ ಟ್ರೇ 40 ಕೆ.ಜಿ. ದಾಟಬಹುದು, ಜಾಗ ನೋಡಿ ಇಟ್ಟ ಮೇಲೆಯೇ ತುಂಬಿ. ನಾಯಿಗಳು ಓಡಾಡುವ ನರ್ಸರಿಯ ಹುಲ್ಲು ಬೇಡ, ಪಾರ್ವೊ ಭಯ ಅಲ್ಲೂ ಇದೆ. ಔಷಧಿ ಹೊಡೆದಿದ್ದಾರೆಯೇ ಎಂದೂ ಕೇಳಿ.

ಉಚ್ಚೆಯ ಸಾರಜನಕಕ್ಕೆ ಹುಲ್ಲು ಹಳದಿಯಾಗುತ್ತದೆ. ರಾತ್ರಿ 2–3 ಲೀಟರ್ ನೀರು ಹನಿಸಿ, ಬೆಳಿಗ್ಗೆ ಕೆಳತಟ್ಟೆ ಖಾಲಿ ಮಾಡಿ. ಹಾಗಿದ್ದರೂ ಎರಡು ಮೂರು ವಾರಕ್ಕೊಮ್ಮೆ ಹಾಸು ಬದಲಿಸಬೇಕು, ಇದೊಂದು ಕೆಲಸ ತಪ್ಪದು.

ನಿದ್ದೆಯಿಂದ ಎದ್ದ ಕೂಡಲೇ, ಊಟವಾಗಿ 10–15 ನಿಮಿಷಕ್ಕೆ, ಆಟದ ನಡುವೆ ತಟ್ಟನೆ ನಿಂತು ಮೂಗು ನೆಲಕ್ಕೆ ಹಚ್ಚಿ ಸುತ್ತತೊಡಗಿದಾಗ ಎತ್ತಿ ಟ್ರೇ ಮೇಲೆ ಬಿಡಿ. ತಿಂಡಿಯ ಚೂರು ಅಲ್ಲೇ, ಮುಗಿಸಿದ ಕ್ಷಣದಲ್ಲೇ ಬಾಯಿಗೆ ಹೋಗಬೇಕು. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದದ್ದಕ್ಕೆ ಸಿಕ್ಕಿತು ಎಂದೇ ಅದು ತಿಳಿಯುತ್ತದೆ.

ನೆಲದ ಮೇಲೆ ಹೊಯ್ದರೆ ಫಿನಾಯಿಲ್ ಬೇಡ. ನಮ್ಮ ಮೂಗಿಗೆ ಮರೆಯಾದ ವಾಸನೆ ಮರಿಯ ಮೂಗಿಗೆ ಉಳಿದೇ ಇರುತ್ತದೆ, ನೆಕ್ಕಿದರೆ ಅಪಾಯವೂ ಹೌದು. ಬಟ್ಟೆಯಿಂದ ಒತ್ತಿ ಹೀರಿಸಿ, ಉಚ್ಚೆಯ ವಾಸನೆಯನ್ನು ಬುಡಸಮೇತ ಒಡೆಯುವ ಎನ್‌ಜೈಮ್ ಕ್ಲೀನರ್ ಹಾಕಿ 10–15 ನಿಮಿಷ ಬಿಟ್ಟು ಒರೆಸಿ. ಅದಿಲ್ಲದಿದ್ದರೆ ವಿನೆಗರ್, ನೀರು ಸಮಸಮ. ಮಾರ್ಬಲ್ ನೆಲಕ್ಕೆ ಮಾತ್ರ ವಿನೆಗರ್ ಸೋಕಿಸಬೇಡಿ, ಹೊಳಪು ಹೋಗುತ್ತದೆ.

ಖರ್ಚಿನ ಮಾತು. ಪ್ಯಾಡ್ ಒಂದಕ್ಕೆ 20 ರೂಪಾಯಿ ಹಿಡಿದು ದಿನಕ್ಕೆ ಐದು ಬಳಸಿದರೆ ತಿಂಗಳಿಗೆ 3,000. ಟ್ರೇ ಒಮ್ಮೆ ಕೊಂಡರೆ ಆಯಿತು, ಆಮೇಲೆ ಹುಲ್ಲಿನ ಖರ್ಚಷ್ಟೇ. ಬೆಳಿಗ್ಗೆ ಗಿಡಕ್ಕೆ ನೀರು ಹಾಕುವ ಅಭ್ಯಾಸ ಇರುವವರಿಗೆ ಟ್ರೇ ಹೊರೆಯೇ ಅಲ್ಲ. ಬಾಲ್ಕನಿಯೇ ಇಲ್ಲದವರು ಜಾಲರಿ ಪ್ಯಾಡ್ ನೆಚ್ಚಿಕೊಳ್ಳಲಿ. ದಿನವಿಡೀ ಮನೆಗೆ ಬೀಗ ಹಾಕುವವರಿಗೆ ಯಾವುದೂ ನೆರವಾಗದು, ಎರಡು ತಿಂಗಳ ಮರಿ ಹೆಚ್ಚೆಂದರೆ ಮೂರು ಗಂಟೆ ತಡೆದೀತು.

ಲಸಿಕೆಗಳು ಮುಗಿದು ಡಾಕ್ಟರು ಹೂಂ ಎಂದ ದಿನ ಟ್ರೇಯಿಂದ ಅಂಗೈಯಗಲದ ಹಾಸು ಕಿತ್ತು, ವಾಸನೆ ಉಳಿಯಲೆಂದು ನೀರು ಹನಿಸದೆ, ಕೆಳಗಿನ ಮರದ ಬುಡದಲ್ಲಿಡಿ. ಮರಿ ಮೂಸಿ, ಎರಡು ಸುತ್ತು ಹಾಕಿ, ಅಲ್ಲೇ ಕೂರುತ್ತದೆ. ಮುಗಿದ ಕೂಡಲೇ ಮನೆಗೆ ಎಳೆದುಕೊಂಡು ಬರಬೇಡಿ, ಇನ್ನೂ ಐದು ನಿಮಿಷ ಸುತ್ತಾಡಿಸಿ. ಉಚ್ಚೆ ಹೊಯ್ದರೆ ಸುತ್ತಾಟ ಮುಗಿಯಿತು ಎಂದು ತಿಳಿದ ಮರಿ ಮರುದಿನದಿಂದ ತಡೆದು ಹಿಡಿಯುತ್ತದೆ.