ಕುದುರೆ ಮಸಾಲೆಗೆ ರೈಜೋಬಿಯಂ: ಪುಡಿಯೋ, ದ್ರವವೋ, ಮೆಂತ್ಯದ ಮಡಿಯ ಮಣ್ಣೋ?

ರೈಜೋಬಿಯಂ ಅಂದರೆ ಬೇರಲ್ಲಿ ಗಂಟು ಕಟ್ಟಿಸಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಹಿಡಿದುಕೊಡುವ ಬ್ಯಾಕ್ಟೀರಿಯಾ. ಮೇವಿನ ಬೆಳೆ ಕುದುರೆ ಮಸಾಲೆಯ (ಲೂಸರ್ನ್) ಬೀಜಕ್ಕೆ ಹಚ್ಚಲು ಯಾವ ರೂಪದ್ದು ಒಳ್ಳೆಯದು? ಮೊದಲು ಪ್ಯಾಕೆಟ್ ಮೇಲೆ ಬೆಳೆಯ ಹೆಸರು ಓದಿ. ಚಳ್ಳಕೆರೆ ಸೀಮೆಯಲ್ಲಿ ಶೇಂಗಾಕ್ಕೆ ಕೊಡುವ ಬ್ರಾಡಿರೈಜೋಬಿಯಂ ಎಂಬ ಬೇರೆ ಜಾತಿಯ ಬ್ಯಾಕ್ಟೀರಿಯಾ ಕುದುರೆ ಮಸಾಲೆಗೆ ದಂಡ. ಕುದುರೆ ಮಸಾಲೆ, ಮೆಂತ್ಯ, ಮೆಡಿಟರೇನಿಯನ್ ತೀರದ ಕಾಡುಗಿಡ ಮೆಡಿಕಾಗೊ ಟ್ರಂಕಾಟುಲಾ ಮೂರೂ ಒಂದೇ ಬಳಗ. ಇವಕ್ಕೆ ಒಗ್ಗುವುದು ಸೈನೋರೈಜೋಬಿಯಂ ಎಂಬ ಜಾತಿ. ಬೇರು ಸ್ರವಿಸುವ ಫ್ಲೇವನಾಯ್ಡ್ ಎಂಬ ರಾಸಾಯನಿಕಕ್ಕೆ ಉತ್ತರವಾಗಿ ಬ್ಯಾಕ್ಟೀರಿಯಾ ತನ್ನ ಗುರುತಿನ ಸಂಕೇತವಾದ ಸರಿಯಾದ ನಾಡ್ ಫ್ಯಾಕ್ಟರ್ ಬಿಟ್ಟರೆ ಮಾತ್ರ ಬೇರುರೋಮ ಸುರುಳಿಯಾಗಿ ಅದನ್ನು ಒಳಗೆ ಸೇರಿಸಿಕೊಳ್ಳುತ್ತದೆ.

ಪಕ್ಕಪಕ್ಕದ ಮಡಿಗಳಲ್ಲಿ ಹಾಕಿ ನೋಡಿದ ಮೇಲೆ ನಮ್ಮ ಮತ ದ್ರವಕ್ಕೆ. ಸರ್ಕಾರಿ ಮಾನದಂಡದಲ್ಲೇ ಪುಡಿಗೆ ಗ್ರಾಂಗೆ ಕನಿಷ್ಠ 5 ಕೋಟಿ ಜೀವಕೋಶ, ದ್ರವಕ್ಕೆ ಮಿ.ಲೀ.ಗೆ 10 ಕೋಟಿ. ಚಿತ್ರದುರ್ಗದ ಬಿಸಿಲಲ್ಲಿ ತಗಡಿನ ಗೋದಾಮಿನೊಳಗೆ ಕೂತ ಪುಡಿ ಬೇಗ ಒಣಗಿ ಸಾಯುತ್ತದೆ.

ಪುಡಿಯೇ ಸಿಕ್ಕರೆ 10 ಕೆಜಿ ಬೀಜಕ್ಕೆ 200 ಗ್ರಾಂ. ಅರ್ಧ ಲೀಟರ್ ನೀರಿಗೆ 50 ಗ್ರಾಂ ಬೆಲ್ಲ ಹಾಕಿ ಕುದಿಸಿ, ಪೂರ್ತಿ ಆರಿಸಿ. ಎಲ್ಲವನ್ನೂ ಸುರಿಯಬೇಡಿ: ಈ ಬೀಜ ಸಣ್ಣದು, ನೀರು ಹೆಚ್ಚಾದರೆ ಉಂಡೆಕಟ್ಟುತ್ತದೆ. ಬೀಜದ ಮೈ ಮಿನುಗುವಷ್ಟು ಚಿಮುಕಿಸಿ, ಪುಡಿ ಹೊರಳಿಸಿ, ನೆರಳಲ್ಲಿ ಆರಿಸಿ, ಅವತ್ತೇ ಬಿತ್ತಿ.

ಮೆಂತ್ಯದ ಮಡಿಯ ಮಣ್ಣು ಪುಕ್ಕಟೆ, ಬ್ಯಾಕ್ಟೀರಿಯಾವೂ ಸರಿಯಾದದ್ದೇ. ಆದರೆ ಎಕರೆಗೆ ಬೇಕಾದಷ್ಟು ಹೊರುವುದು ಯಾರು? ಜೊತೆಗೆ ಕಳೆಬೀಜ, ಜಂತುಹುಳವೂ ಬರುತ್ತವೆ. ಮೆಂತ್ಯ ಬೆಳೆದ ಜಾಗದಲ್ಲೇ ಬಿತ್ತುವುದಾದರೆ ಲೆಕ್ಕ ಬೇರೆ. ಅಲ್ಲಿ ಏನೂ ಹಚ್ಚದ ಮಡಿಯಲ್ಲೂ ಗಂಟು ಚೆನ್ನಾಗೇ ಕಟ್ಟುತ್ತವೆ, ದುಡ್ಡು ಉಳಿಸಿ.

ಪರೀಕ್ಷೆಗೆ 40 ದಿನದ ಗಿಡವನ್ನು ಸಲಿಕೆಯಿಂದ ಮಣ್ಣುಸಮೇತ ಎತ್ತಿ ಬಕೆಟ್ ನೀರಲ್ಲಿ ನೆನೆಸಿ. ಎರೆಮಣ್ಣಿನಿಂದ ಕಿತ್ತರೆ ಗಂಟು ಅಲ್ಲೇ ಉಳಿದು, ಬೇರು ಬೋಳಾಗಿ ಕಾಣುತ್ತದೆ. ಇದರ ಗಂಟುಗಳು ಶೇಂಗಾದವುಗಳಂತೆ ಗುಂಡಗಿರುವುದಿಲ್ಲ, ಉದ್ದುದ್ದ, ಕೆಲವು ಕವಲೊಡೆದಿರುತ್ತವೆ. ಬ್ಲೇಡಿನಿಂದ ಸೀಳಿ: ಒಳಗೆ ಗುಲಾಬಿಯಿದ್ದರೆ ಸಾರಜನಕ ಹಿಡಿಯುತ್ತಿದೆ, ಬುಡದ ಕಡೆ ಹಸಿರಾಗಿದ್ದರೆ ಆ ಭಾಗ ಮುದಿಯಾಗಿದೆ ಅಷ್ಟೇ. ಎಲ್ಲವೂ ಬಿಳಿಯಾಗಿದ್ದರೆ ಬ್ಯಾಕ್ಟೀರಿಯಾ ಸಾರಜನಕ ಹಿಡಿಯದೆ ತಿಂದುಕೊಂಡು ಕೂತಿದೆ.

ಗಂಟೇ ಇಲ್ಲವೆಂದರೆ ಯೂರಿಯಾ ಹೆಚ್ಚಾಗಿರಬಹುದು. ಮಣ್ಣಲ್ಲೇ ನೈಟ್ರೇಟ್ ಸಿಕ್ಕರೆ ಗಿಡ ಗಂಟು ಕಟ್ಟುವ ಗೋಜಿಗೆ ಹೋಗುವುದಿಲ್ಲ. ಶಿಲೀಂಧ್ರನಾಶಕವೂ ಬೇಕಿದ್ದರೆ ಅದನ್ನು ಮೊದಲೇ ಹಚ್ಚಿ ಒಣಗಿಸಿ, ರೈಜೋಬಿಯಂ ಕೊನೆಗೆ. ಹುಳಿ ಮಣ್ಣಿದ್ದರೆ ಬೀಜಕ್ಕೆ ನುಣ್ಣನೆಯ ಸುಣ್ಣಕಲ್ಲಿನ ಪುಡಿ ಲೇಪಿಸಿ. ಗೋಡೆಗೆ ಬಳಿಯುವ ಸುಣ್ಣ ಬೇಡ, ಅದರ ಕ್ಷಾರಕ್ಕೆ ಬ್ಯಾಕ್ಟೀರಿಯಾ ಉಳಿಯುವುದಿಲ್ಲ.