ಬೆನ್ನು ನೇರ ಮಾಡುವ ಬೆಲ್ಟ್: ವರ್ಷದ ಬಳಕೆಯ ನಂತರ

ಮಗ ಒಂಬತ್ತನೇ ತರಗತಿಯಲ್ಲಿದ್ದಾಗ ಅವನ ಮೇಲ್ಬೆನ್ನಿನ ನೋವಿಗೆಂದು ಕೊಂಡ ಎಲಾಸ್ಟಿಕ್ ಬೆಲ್ಟ್ ಇದು. ಎರಡೂ ಹೆಗಲನ್ನು ಹಿಂದಕ್ಕೆ ಎಳೆದು ಹಿಡಿದು, ಹೊಟ್ಟೆಯ ಮುಂದೆ ವೆಲ್ಕ್ರೋ ಪಟ್ಟಿಯಿಂದ ಬಿಗಿಯುವಂಥದ್ದು. ಒಂದು ವರ್ಷಕ್ಕೂ ಹೆಚ್ಚು ಕಾಲ ಬಳಸಿದ ಮೇಲೂ ಹೊಲಿಗೆ ಬಿಟ್ಟಿಲ್ಲ. ನನ್ನ ಆಕ್ಷೇಪವಿರುವುದು ಇದು ಎಲ್ಲ ಬಗೆಯ ಬೆನ್ನುನೋವಿಗೂ ಪರಿಹಾರವೆಂದು ಪೆಟ್ಟಿಗೆಯ ಮೇಲೆ ಅಚ್ಚುಹಾಕಿರುವುದಕ್ಕೆ.

ಬೆಲ್ಟ್ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಸಂಜೆ ಶಾಲೆಯಿಂದ ಬಂದು, ಕೈಕಾಲು ತೊಳೆದು, ತಿಂಡಿ ಮುಗಿಸಿ ಓದಲು ಕೂರುವ ಮುನ್ನ ಅವನು ಅದನ್ನು ಹತ್ತಿಯ ಬನಿಯನ್ನಿನ ಮೇಲೆ ಧರಿಸುತ್ತಾನೆ. ಬೆನ್ನಿನ ಮೇಲೆ ಮಡಚಿಕೊಂಡ ಪಟ್ಟಿಯನ್ನು ಬಿಡಿಸಿ ಸರಿಮಾಡುವುದು ಅವನ ಅಜ್ಜಿಯ ಪಾಲಿನ ಕೆಲಸ. ವೆಲ್ಕ್ರೋದ ಪರ್ರೆನ್ನುವ ಸದ್ದು ಕೇಳಿದೊಡನೆ ಅವರು ಟೀವಿಯ ಧ್ವನಿ ತಗ್ಗಿಸುತ್ತಾರೆ. ಭಾನುವಾರ ನಾನು ಹಳೆಯ ಟೂತ್‌ಬ್ರಷ್‌ನಿಂದ ವೆಲ್ಕ್ರೋಗೆ ಅಂಟಿದ ನೂಲೆಳೆ, ಕೂದಲುಗಳನ್ನು ತೆಗೆದು, ಬೆಲ್ಟನ್ನು ತಣ್ಣೀರಿನಲ್ಲಿ ಜಾಲಿಸಿ, ಹಿಂಡದೆ ನೆರಳಿನಲ್ಲಿ ಒಣಹಾಕುತ್ತೇನೆ. ಅರ್ಧ ಗಂಟೆ ಧರಿಸಿದರೆ, ಪುಸ್ತಕದ ಮೇಲೆ ಬಾಗುವಾಗಲೆಲ್ಲ ಹೆಗಲಿನ ಎಳೆತ ಅವನನ್ನು ಎಚ್ಚರಿಸುತ್ತದೆ. ಅದಕ್ಕಿಂತ ಹೆಚ್ಚು ಹೊತ್ತಾದರೆ ಕಂಕುಳಲ್ಲಿ ಪಟ್ಟಿ ಉಜ್ಜಿ ಚರ್ಮ ಕೆಂಪಾಗುತ್ತದೆ; ಬೇಸಿಗೆಯಲ್ಲಂತೂ ಬೆವರಿನಿಂದ ಗುಳ್ಳೆಗಳೇ ಎದ್ದಿದ್ದವು.

ಇದರ ಜೊತೆಗೆ ಶಾಲಾ ಚೀಲವನ್ನೂ ಹಗುರ ಮಾಡಿದೆವು. ಕರ್ನಾಟಕ ಸರ್ಕಾರ 2019ರಲ್ಲಿ ಹೊರಡಿಸಿದ ಆದೇಶದ ಪ್ರಕಾರ ಒಂಬತ್ತು ಮತ್ತು ಹತ್ತನೇ ತರಗತಿಯ ಮಕ್ಕಳ ಚೀಲ 4ರಿಂದ 5 ಕಿಲೋ ದಾಟಬಾರದು. ಮನೆಯ ತಕ್ಕಡಿ ಅದಕ್ಕಿಂತ ಎಷ್ಟೋ ಹೆಚ್ಚು ತೋರಿಸಿತ್ತು. ಚೀಲ ಹಗುರವಾಯಿತು, ಮೊಬೈಲನ್ನು ಕಣ್ಣಿನ ಮಟ್ಟಕ್ಕೆ ಹಿಡಿಯುವ ಅಭ್ಯಾಸವೂ ಆಯಿತು, ಆದರೂ ಹೆಗಲ ಮೂಳೆಗಳ ನಡುವಿನ ನೋವು ಪೂರ್ತಿ ಹೋಗಲಿಲ್ಲ.

ಮೂಳೆ ತಜ್ಞರು ಬೆಲ್ಟಿನ ಮಾತನ್ನೇ ಎತ್ತದೆ ಮೊದಲು ಬೇರೆ ಪ್ರಶ್ನೆಗಳನ್ನು ಕೇಳಿದರು: ರಾತ್ರಿ ನೋವಿನಿಂದ ಎಚ್ಚರವಾಗುತ್ತದೆಯೇ, ಸಂಜೆ ಜ್ವರ ಬರುತ್ತದೆಯೇ, ತೂಕ ಇಳಿದಿದೆಯೇ, ಕಾಲುಗಳಲ್ಲಿ ಬಲ ಕಡಿಮೆಯಾಗಿದೆಯೇ, ಮೂತ್ರದ ತೊಂದರೆಯಿದೆಯೇ. ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯ ಇನ್ನೂ ಕಾಣಸಿಗುವ ಕಾಯಿಲೆಯಾದ್ದರಿಂದ ಜ್ವರ, ತೂಕ ಇಳಿತಗಳನ್ನು ವಿಚಾರಿಸಲೇಬೇಕು. ರಾತ್ರಿಯೇ ಹೆಚ್ಚಾಗುವ ನೋವಿನ ಹಿಂದೆ ಮೂಳೆಯ ಗಡ್ಡೆಯೂ ಇರಬಹುದು. ಆಮೇಲೆ ಮುಂದಕ್ಕೆ ಬಗ್ಗಿಸಿ, ಒಂದು ಪಕ್ಕ ಮಾತ್ರ ಉಬ್ಬಿ ನಿಲ್ಲುತ್ತದೆಯೇ ಎಂದು ಹಿಂದಿನಿಂದ ನೋಡಿದರು, ಹಾಗಿದ್ದರೆ ಬೆನ್ನುಮೂಳೆ ಪಕ್ಕಕ್ಕೆ ಬಾಗಿರುವ ಸೂಚನೆ. ಕೊನೆಗೆ ಬೋರಲು ಮಲಗಿಸಿ ಎದೆ ಎತ್ತಲು ಹೇಳಿದರು. ಕೂರುವ ಭಂಗಿಯಿಂದಷ್ಟೇ ಬಂದ ಗೂನಾಗಿದ್ದರೆ ಆಗ ನೇರವಾಗಬೇಕಿತ್ತು. ಇವನದು ಬಿಗಿಯಾಗಿಯೇ ಉಳಿಯಿತು.

ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಕಾರಣ ಕಂಡಿತು. ಒಂದರ ಮೇಲೊಂದಿರುವ ಮೂರು ಕಶೇರುಗಳು (ಬೆನ್ನುಮೂಳೆಯ ಬಿಡಿ ಮೂಳೆಗಳು), ಪ್ರತಿಯೊಂದೂ 5 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು, ಮುಂಭಾಗದಲ್ಲಿ ಬೆಣೆಯಂತೆ ಕಿರಿದಾಗಿದ್ದರೆ ಅದನ್ನು ಶಾಯರ್‌ಮನ್ ಕಾಯಿಲೆ ಎನ್ನುತ್ತಾರೆ. ಇದನ್ನು ವಿವರಿಸಿದ ಡೆನ್ಮಾರ್ಕಿನ ವೈದ್ಯರ ಹೆಸರಿನಿಂದ ಈ ಹೆಸರು ಬಂದಿದೆ. ಮಕ್ಕಳು ಬೇಗ ಬೇಗ ಎತ್ತರ ಬೆಳೆಯುವ ವಯಸ್ಸಿನಲ್ಲಿಯೇ ಇದು ಕಾಣಿಸಿಕೊಳ್ಳುತ್ತದೆ. ಮಗನಿಗೆ ಇರುವುದು ಸೌಮ್ಯ ರೂಪದ್ದು. ತೊಡೆಯ ಹಿಂಭಾಗದ ಬಿಗಿದ ಸ್ನಾಯುಗಳನ್ನು ಹಿಗ್ಗಿಸುವ, ಬೆನ್ನನ್ನು ಬಲಪಡಿಸುವ ವ್ಯಾಯಾಮ, ಬೆಳವಣಿಗೆ ನಿಲ್ಲುವವರೆಗೆ ಆಗಾಗ ತಪಾಸಣೆ, ಇಷ್ಟೇ ಚಿಕಿತ್ಸೆ. ಬಾಗು ಹೆಚ್ಚಾಗಿರುವ, ಇನ್ನೂ ಬೆಳೆಯುತ್ತಿರುವ ಮಕ್ಕಳಿಗೆ ವೈದ್ಯರು ಅಳತೆ ಕೊಟ್ಟು ಮಾಡಿಸುವ ಗಟ್ಟಿ ಬ್ರೇಸ್ ಬೇರೆಯೇ ವಸ್ತು. ಅಂಗಡಿಯ ಈ ಮೆತ್ತನೆಯ ಪಟ್ಟಿಗೆ ಮೂಳೆಯ ಆಕಾರವನ್ನು ಬದಲಿಸುವ ಶಕ್ತಿಯಿಲ್ಲ.

ಇದನ್ನು ತಿಳಿದ ಮೇಲೆ ಆ ಪೆಟ್ಟಿಗೆಯ ಮೇಲೆ ನನಗೆ ನಿಜವಾಗಿಯೂ ಸಿಟ್ಟು ಬಂದಿತು. ವಾರಗಟ್ಟಲೆ ಹೋಗದ ನೋವಿಗೆ ವೈದ್ಯರನ್ನು ಕಾಣಬೇಕೆಂಬ ಒಂದು ಸಾಲು ಅಲ್ಲಿ ಎಲ್ಲಿಯೂ ಇಲ್ಲ. ಕ್ಷಯವಿರುವ ಮಗುವಿಗೂ ಕೇವಲ ಬಾಗಿ ಕೂರುವ ಮಗುವಿಗೂ ಒಂದೇ ಪಟ್ಟಿಯನ್ನು ಒಂದೇ ಭರವಸೆಯೊಂದಿಗೆ ಮಾರುವುದು ಅನ್ಯಾಯ, ಏಕೆಂದರೆ ಮೊದಲನೆಯ ಮಗುವಿಗೆ ತಡವಾದರೆ ಕಾಲುಗಳ ಬಲವೇ ಹೋಗಬಹುದು.

ಬೆಲ್ಟನ್ನು ನಾವು ಬಿಟ್ಟಿಲ್ಲ. ಓದುವಾಗ ನೆನಪಿಸಲು ಅದು ಉಪಯುಕ್ತ, ಅಷ್ಟರ ಮಟ್ಟಿಗೆ ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಆದರೆ ಅವನ ನೋವು ಇಳಿದದ್ದು ದಿನವೂ ಬೆಳಿಗ್ಗೆ ಚಾಪೆಯ ಮೇಲೆ ಮಾಡುವ ವ್ಯಾಯಾಮದಿಂದ, ಮತ್ತು ಅದಕ್ಕೆ ಕೆಲವು ತಿಂಗಳುಗಳೇ ಬೇಕಾದವು. ನಮ್ಮಂತೆ ತಿಂಗಳ ಖರ್ಚಿನಲ್ಲಿ ಲೆಕ್ಕ ಹಾಕಿ ಕೊಳ್ಳುವವರು, ಕೈಯಲ್ಲಿರುವ ಹಣ ಒಂದಕ್ಕೇ ಸಾಲುವುದಾದರೆ, ಮೊದಲು ಮಗುವನ್ನು ವೈದ್ಯರಿಗೆ ತೋರಿಸಿ; ಬೆಲ್ಟ್ ಆಮೇಲೂ ಅಂಗಡಿಯಲ್ಲಿ ಸಿಗುತ್ತದೆ.